ಹಳ್ಳದ ಆಚೆಯ ಬಿಲ

ಒಂದು ಕುರುಚಲು ಕಾಡಿನ ಕೆರೆದಂಡೆಯಲ್ಲಿ ಪ್ರಾಣಿಗಳ ನ್ಯಾಯಕಟ್ಟೆ ಇತ್ತು. ತೀರ್ಪು ಹೇಳುವವಳು ಆಮೆಜ್ಜಿ. ಅಜ್ಜಿ ನಿಧಾನ, ಮಕ್ಕಳೇ, ಆದರೆ ಪೆದ್ದಿಯಲ್ಲ. ಈ ಎರಡರ ವ್ಯತ್ಯಾಸ ತಿಳಿಯದವರು ಬಹಳ ಮಂದಿ.

ಒಂದು ಬೆಳಗ್ಗೆ ಕಂಚಿ ಎಂಬ ಮುಳ್ಳುಹಂದಿ ಏದುಸಿರು ಬಿಡುತ್ತ ಬಂದಳು. ತುಂಬು ಬಸುರಿ.

“ಅಜ್ಜಿ, ನಿನ್ನೆ ಗೆಡ್ಡೆ ಕೆದಕಲು ಹೋಗಿದ್ದೆ. ಬರುವಷ್ಟರಲ್ಲಿ ಕಾಡುಬೆಕ್ಕು ಬೋರಣ್ಣ ನನ್ನ ಬಿಲದಲ್ಲಿ ಕಾಲು ಚಾಚಿ ಮಲಗಿದ್ದ. ಇವತ್ತೋ ನಾಳೆಯೋ ಹೆರುತ್ತೇನೆ. ಎಲ್ಲಿಗೆ ಹೋಗಲಿ?”

ಬೋರಣ್ಣನಿಗೆ ಕರೆ ಹೋಯಿತು. ಮೀಸೆ ನೆಕ್ಕಿಕೊಳ್ಳುತ್ತ ಬಂದ.

“ತಪ್ಪು ಒಪ್ಪು ಆಮೇಲೆ,” ಎಂದಳು ಆಮೆಜ್ಜಿ. “ಈ ದೂರು ಕೇಳುವ ಅಧಿಕಾರ ನಮಗಿದೆಯೇ? ಅದು ಮೊದಲು. ಆದದ್ದು ಏನು? ಮನೆ ಕಿತ್ತುಕೊಂಡದ್ದು. ಅದು ನಾವು ಕೇಳುವ ವಿಷಯವೇ. ಯಾವಾಗ? ನಿನ್ನೆ. ಕಟ್ಟೆ ಹುಟ್ಟಿ ಏಳು ವರ್ಷವಾಯಿತು, ಹಾಗಾಗಿ ಅದೂ ನಮ್ಮ ಕಾಲದ್ದೇ. ಎಲ್ಲಿ?”

“ಅಲ್ಲೇ ಇರೋದು ಮಜಾ!” ಬೋರಣ್ಣ ನಕ್ಕ. “ಕಾಡಿನ ಗಡಿ ಹಳ್ಳ. ಬಿಲ ಹಳ್ಳದ ಆಚೆ. ನನ್ನನ್ನು ಕೇಳಲು ನೀವು ಯಾರು?”

“ಸುಳ್ಳ!” ಕಂಚಿಯ ಮುಳ್ಳು ನಿಗುರಿದವು. “ಹೋದ ಮಳೆಗಾಲದಲ್ಲಿ ಹಳ್ಳ ದಾರಿ ಬದಲಿಸಿತು. ಹಳೇ ಹಳ್ಳ ನನ್ನ ಬಿಲದಿಂದ ಇನ್ನೂ ಆಚೆಗಿದೆ.”

“ಹರಿಯುವ ಹಳ್ಳವೇ ಗಡಿ, ಅಕ್ಕ. ಒಣಗಿದ್ದಲ್ಲ.”

ಆಮೆಜ್ಜಿ ಕಣ್ಣು ಮುಚ್ಚಿ ಯೋಚಿಸಿದಳು. “ಹಾಗೋ? ಏ ಮಿಂಚುಳ್ಳಿ, ಊರ ನಾಯಿಗಳ ಹತ್ತಿರ ಹಾರಿ ಹೋಗು. ಗಡಿ ದಾಟುವುದಿಲ್ಲ ಎಂದು ಅವು ನಮಗೆ ಮಾತು ಕೊಟ್ಟಿವೆ. ಬೋರಣ್ಣನ ಪ್ರಕಾರ ಗಡಿ ಈಚೆಗೆ ಬಂದಿದೆ, ಅವನು ಸೇರಿಕೊಂಡಿರುವ ಬಿಲದವರೆಗೆ ಧಾರಾಳವಾಗಿ ಬರಬಹುದು ಅಂತ ಹೇಳು.”

ಬೋರಣ್ಣನ ಕಿವಿ ತಲೆಗೆ ಅಂಟಿಕೊಂಡವು. “ಅಜ್ಜಿ! ನಾಯಿಗಳಿಗೆ ಯಾಕೆ ಈ ವಿಷಯ?”

“ನಾಯಿಗೊಂದು ಗಡಿ, ನಿನಗೊಂದು ಗಡಿ ಇಡಲಾಗುತ್ತದೆಯೇನಪ್ಪ?”

“ಹಳೇದೇ ಇರಲಿ! ಹಳೇ ಹಳ್ಳವೇ ಗಡಿ!”

“ಹೌದು, ಹಳೇದೇ. ಮಿಂಚುಳ್ಳಿ, ನೀನು ಹೋಗುವುದು ಬೇಡ. ನೀರು ಹೊರಳಿದರೆ ಕೊಟ್ಟ ಮಾತು ಹೊರಳುವುದಿಲ್ಲ. ನಿನ್ನ ಬಾಯಿಂದಲೂ ಬರಲಿ ಅಂತ ಕಾದೆ. ಅಧಿಕಾರ ನಮ್ಮದೇ. ಈಗ ಹೇಳು, ಬಿಲ ತೋಡಿದ್ದು ಯಾರು?”

ಬೋರಣ್ಣ ನೆಲ ನೋಡಿದ. “ಅವಳೇ.”

“ಬಿಲ ಅವಳದು. ಹೆರಿಗೆಯಾಗಿ ಮೂರು ದಿನ ಬಾಗಿಲು ಕಾಯುವ ಕೆಲಸ ನಿನ್ನದು.”

ಮಧ್ಯಾಹ್ನವೇ ಕಂಚಿಗೆ ಎರಡು ಮರಿಯಾದವು. ಹೊರಗೆ ಕಾವಲು ಕೂತ ಬೋರಣ್ಣ, ದೂರದಲ್ಲಿ ನಾಯಿ ಬೊಗಳಿದಾಗಲೆಲ್ಲ, “ಇದು ಕಾಡು! ನ್ಯಾಯಕಟ್ಟೆಗೆ ಸೇರಿದ ಜಾಗ! ಹುಷಾರ್!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ.

ನೀತಿ: ಕಾನೂನಿನ ನೆರಳು ಬೇಕೆನ್ನುವವನು ಅದರ ಕೈಗೂ ಸಿಗಬೇಕು.