ಮೇಲೆ ತೊಟ್ಟಿಲು, ಕೆಳಗೆ ಮಷೀನು

ರಸ್ತೆ ಅಗಲ ಮಾಡುವಾಗ ಜುಲೇಖಾಬಿಯ ಮರ ಕಡೆಯುವ ಅಂಗಡಿ ಹೋಯಿತು. ಚನ್ನಪಟ್ಟಣವೆಲ್ಲ ಅಲೆದ ಮೇಲೆ ಮರಿಗೌಡರ ಮನೆಯ ಕೆಳಗಿನ ಕೋಣೆ ಬಾಡಿಗೆಗೆ ಸಿಕ್ಕಿತು. ಗೊಂಬೆ ಮಾಡಲು ಕಲಿಯುವ ಹುಡುಗಿಯರು ಮತ್ತೆ ಬಂದರು. ಮಷೀನು ಮತ್ತೆ ಗುಂಯ್‌ಗುಟ್ಟಿತು.

ಬೆಳಗ್ಗೆಯೇ ತೋಟಕ್ಕೆ ಹೋಗುವ ಗೌಡರು ಒಂದು ದಿನ ಮನೆಯಲ್ಲೇ ಉಳಿದರು. ಶಲ್ಯ ಕೊಡವುತ್ತ ಕೆಳಗಿಳಿದು ಬಂದರು.

“ಮೇಲೆ ಎಳೆ ಮೊಮ್ಮಗಳು ಮಲಗಿದ್ದಾಳೆ. ಈ ಸದ್ದು ನಿಲ್ಲಬೇಕು, ಇಲ್ಲ ಕೋಣೆ ಖಾಲಿಯಾಗಬೇಕು. ನಂದು ಒಂದೇ ಮಾತು.”

ಹುಡುಗಿಯರ ಮುಖ ಬಾಡಿತು. ಇನ್ನೊಂದು ಕೋಣೆ ಎಲ್ಲಿ ಸಿಗಬೇಕು? ಆದರೆ ದಿನಾ ಬೀಗ ತೆಗೆಯುವಾಗ ಮೇಲೆ ಮಗು ಅಳುವುದು, ಮಷೀನು ಹಾಕಿದ ಸ್ವಲ್ಪ ಹೊತ್ತಿಗೆ ಸುಮ್ಮನಾಗುವುದು ಜುಲೇಖಾಬಿಯ ಕಿವಿಗೆ ಬಿದ್ದಿತ್ತು.

“ನೀವು ಹೇಳಿದ ಮೇಲೆ ಮುಗೀತು ಗೌಡ್ರೇ,” ಎಂದು ಸ್ವಿಚ್ ಆರಿಸಿದಳು. “ಸಾಮಾನು ಕಟ್ಟೋವರೆಗೆ ಕೂತ್ಕೊಳ್ಳಿ.”

ಗೌಡರು ಗೆದ್ದವರಂತೆ ಕೂತರು. ಮೀಸೆ ತಿರುವಿ ಮುಗಿಯುವ ಮುಂಚೆಯೇ ಮೇಲಿಂದ ಚೀರಾಟ ಕೇಳಿತು. ಹಿಂದೆಯೇ ಸೊಸೆಯ ದನಿ: “ಮಾವ, ಮಷೀನ್ ಯಾರು ನಿಲ್ಸಿದ್ದು? ಈಗ ತಾನೇ ಮಗು ಕಣ್ಣು ಮುಚ್ಚಿತ್ತು.”

ಗೌಡರು ಚಾವಣಿ ನೋಡಿದರು, ಮಷೀನು ನೋಡಿದರು. ಜುಲೇಖಾಬಿ ನೆಲ ನೋಡುತ್ತಿದ್ದಳು.

“ಹಾಕಮ್ಮ,” ಎಂದರು ಮೆಲ್ಲಗೆ.

ಮಷೀನು ಗುಂಯ್‌ಗುಟ್ಟಿತು. ಮೇಲಿನ ಅಳು ಬಿಕ್ಕಾಯಿತು, ಬಿಕ್ಕು ನಿದ್ದೆಯಾಯಿತು. ಗೌಡರ ಮುಖವೂ ಮೆತ್ತಗಾಯಿತು.

ಬಾಗಿಲವರೆಗೆ ಹೋದವರು ತಿರುಗಿ ನಿಂತರು. “ನಾಳೆ ಭಾನುವಾರ ಅಲ್ವಾ?”

“ಹೌದು ಗೌಡ್ರೇ, ಕ್ಲಾಸಿಗೆ ರಜೆ.”

ಗೌಡರು ಹತ್ತಿರ ಬಂದು, ಹುಡುಗಿಯರಿಗೆ ಕೇಳಿಸದಂತೆ ದನಿ ತಗ್ಗಿಸಿದರು. “ಆ ಸ್ವಿಚ್ ಯಾವುದು, ನನಗೂ ಒಂಚೂರು ತೋರಿಸಮ್ಮ.”