ಉಜ್ಜಿದ್ರೂ ಹೋಗದ ಊರು

ಎಂಜಲು ಹಚ್ಚಿ ಹಚ್ಚಿ ಉಜ್ಜಬೇಡ ಕಣೆ ಚಿನ್ನಿ, ಅಜ್ಜಿ ಕೈಮೇಲಿರೋದು ಹಚ್ಚೆ, ನಿನ್ನ ಸ್ಲೇಟಿನ ಬಳಪ ಅಲ್ಲ. ಹೋಗಲ್ಲ. ಯಾಕೆ ಹೋಗಲ್ಲ ಅಂತೀಯಾ? ಹಾಗಾದ್ರೆ ಈ ಕಡೆ ತಿರುಗು, ಹೊದಿಕೆ ಎಳ್ಕೋ. ಹೂಂಗುಟ್ಟಬೇಕು ಮತ್ತೆ, ಇಲ್ದಿದ್ರೆ ಕತೆ ಅಲ್ಲೇ ನಿಂತ್ಕೊಳ್ಳುತ್ತೆ.

ಒಂದಾನೊಂದು ಕಾಲ, ನಾನೂ ಹುಟ್ಟಿರಲಿಲ್ಲ, ನಮ್ಮಜ್ಜೀನೂ ಹುಟ್ಟಿರಲಿಲ್ಲ, ಅಂಥ ಕಾಲದಲ್ಲಿ ನೇರ್ಲಹಟ್ಟಿ ಅಂತ ಒಂದು ಊರಿತ್ತಂತೆ. ಊರು ಅಂದ್ರೆ ಏನು ಮಹಾ, ಒಂದು ಬಾವಿ, ಬಾವಿ ಪಕ್ಕ ಮೂರು ನೇರಳೆ ಮರ, ಸೊಟ್ಟಗೆ ಹೋಗೋ ಒಂದು ಓಣಿ, ಓಣಿ ಕೊನೇಲಿ ಬಾಗಿಲೇ ಇಲ್ಲದ ಒಂದು ಮಾರಮ್ಮನ ಗುಡಿ. ಅಷ್ಟೇಯ. ಆ ಊರಲ್ಲಿ ಸಣ್ಣೀರಮ್ಮ ಅಂತ ಹಚ್ಚೆ ಹಾಕೋಳು ಒಬ್ಬಳಿದ್ದಳಂತೆ. ದೀಪದ ಮಸಿಗೆ ಹಾಗಲಸೊಪ್ಪಿನ ರಸ ಕಲಸಿ, ಸೂಜೀಲಿ ಚುಚ್ಚಿ ಚುಚ್ಚಿ, ಚೇಳು, ನವಿಲು, ತೊಟ್ಟಿಲು, ಕೇಳಿದ್ದು ಬರೆಯೋಳಂತೆ. ಬೇರೆಯೋರು ನೋವು ಮರೆಸೋಕೆ ಹಾಡು ಹೇಳಿದ್ರೆ ಇವಳು ಪ್ರಶ್ನೆ ಕೇಳೋಳಂತೆ, ನಿಮ್ಮನೆ ಎಮ್ಮೆ ಎಷ್ಟು ಹಾಲು ಕೊಡುತ್ತೆ, ನಿನ್ನ ಗಂಡ ಗೊರಕೆ ಹೊಡೀತಾನಾ ಅಂತ. ಉತ್ತರ ಹೇಳ್ತಾ ಹೇಳ್ತಾ ಚುಚ್ಚಿದ್ದೇ ಗೊತ್ತಾಗ್ತಿರಲಿಲ್ಲವಂತೆ.

ಆಮೇಲೆ ಯಾರೋ ಇಬ್ಬರು ರಾಜರು ಜಗಳ ಆಡ್ಕೊಂಡರಂತೆ. ಜಗಳ ಅವರದು, ಸುಟ್ಟಿದ್ದು ನೇರ್ಲಹಟ್ಟಿ! ಬಾವಿಗೆ ಕಲ್ಲು ತುಂಬಿ, ಮರ ಕಡಿದು, ಗುಡಿ ಕೆಡವಿ, ಊರಿತ್ತು ಅನ್ನೋ ಗುರುತೂ ಉಳಿಸಲಿಲ್ಲವಂತೆ. ಅವರ ಕೈ ಸೇದಿಹೋಗ. ಜನ ದಿಕ್ಕಾಪಾಲಾಗಿ ಹೋದರು. ಸಣ್ಣೀರಮ್ಮ ಸೂಜಿ, ಮಸಿಕುಡಿಕೆ ಸೆರಗಿಗೆ ಕಟ್ಕೊಂಡು, ಏಳು ದಿನ ನಡೆದು, ಹೊಳೆ ದಾಟಿ, ಗುರುತು ಪರಿಚಯ ಇಲ್ಲದ ಇನ್ನೊಂದು ಸೀಮೆಗೆ ಬಂದಳಂತೆ.

ಆ ಸೀಮೆ ರಾಜ ಕೆಟ್ಟವನೇನಲ್ಲ ಪಾಪ. ಗುಡಿಸಲು ಕೊಟ್ಟ, ರಾಗಿ ಕೊಟ್ಟ. ಆದ್ರೆ ಬಲು ಜಂಬದವನು. ಇಲ್ಲಿ ಉಂಡು ಅಲ್ಲೀದಕ್ಕೆ ಅಳಬಾರದು, ಆ ಊರಿನ ಸುದ್ದಿ ಎತ್ತಬಾರದು, ಅದನ್ನ ಮರೆತುಬಿಡು ಅಂದನಂತೆ. ಸಣ್ಣೀರಮ್ಮ ತಲೆ ತಗ್ಗಿಸಲಿಲ್ಲ. ಕೊಟ್ಟ ರಾಗಿಗೆ ಕೈ ಮುಗೀತೀನಿ ಬುದ್ಧಿ, ಸಾಕೋ ತಾಯಿ ಸಿಕ್ಕಳು ಅಂತ ಹೆತ್ತ ತಾಯೀನ ಮರೆಯೋಕೆ ಮಾತ್ರ ಆಗಲ್ಲ ಅಂದಳಂತೆ. ಎಂಥಾ ಗಟ್ಟಿಗಿತ್ತಿ ನೋಡು!

ಅಂದು ಸುಮ್ಮನಾದಳಾ? ಎಲ್ಲಿ ಸುಮ್ಮನಾಗ್ತಾಳೆ. ಮಾರನೇ ಬೆಳಗ್ಗೆ ಗುಡಿಸಲ ಮುಂದೆ ಸಾರಿಸಿ ರಂಗೋಲಿ ಹಾಕಿದಳಂತೆ. ಹೂವಲ್ಲ, ಬಳ್ಳಿಯಲ್ಲ, ಬಾವಿ, ಮೂರು ಮರ, ಸೊಟ್ಟ ಓಣಿ, ಬಾಗಿಲಿಲ್ಲದ ಗುಡಿ. ಊರು ಕಾಯೋ ತಳವಾರ ಬಂದು ಪೊರಕೇಲಿ ಗುಡಿಸಿಹಾಕಿದನಂತೆ. ಆಮೇಲೆ ಅವಳು ಗೋಡೆ ಮೇಲೆ ಕೆಮ್ಮಣ್ಣಲ್ಲಿ ಅದನ್ನೇ ಬರೆದಳಂತೆ, ಆಳುದ್ದ. ತಳವಾರ ಸುಣ್ಣ ಬಳಿದುಬಿಟ್ಟನಂತೆ. ಬಳಿದು, ಇನ್ನೊಂದು ಸಲ ಬರೆದ್ರೆ ಸೀಮೆ ಬಿಟ್ಟು ಅಟ್ಟಬೇಕು ಅಂತ ರಾಜರ ಅಪ್ಪಣೆಯಾಗಿದೆ, ಹುಷಾರು ಅಂತ ಗದರಿಸಿ ಹೋದನಂತೆ.

ಸಣ್ಣೀರಮ್ಮ ಆ ಬಿಳೀ ಗೋಡೆ ಮುಂದೆ ಕೂತಳಂತೆ. ಅಟ್ಟಿದ್ರೆ ಹೋಗೋಕೆ ಊರಿಲ್ಲ. ಬರೀದೇ ಸತ್ತರೆ ತನ್ನ ಜೊತೆಗೇ ನೇರ್ಲಹಟ್ಟಿ ಇನ್ನೊಂದು ಸಲ ಸಾಯುತ್ತೆ. ಯೋಚನೆ ಮಾಡಿ ಮಾಡಿ, ನೆಲ ಗುಡಿಸ್ತಾರೆ, ಗೋಡೆ ಬಳೀತಾರೆ, ಸತ್ತೋಳ ಮೈಮೇಲಿಂದ ಮೂಗುತಿ, ಓಲೆ, ಬಳೆ ಎಲ್ಲ ಬಿಚ್ಕೋತಾರೆ, ಹಚ್ಚೆ ಒಂದನ್ನ ಯಾರ ಅಪ್ಪನಿಂದಲೂ ಬಿಚ್ಚೋಕಾಗಲ್ಲ ಅಂದ್ಕೊಂಡು, ಎಡಗೈ ಚಾಚಿ, ಬಲಗೈಲಿ ಸೂಜಿ ತಗೊಂಡು, ಊರಿಗೆ ಊರನ್ನೇ ತನ್ನ ತೋಳಿಗೆ ಚುಚ್ಕೊಂಡಳಂತೆ. ತನ್ನನ್ನ ತಾನೇ ಪ್ರಶ್ನೆ ಕೇಳ್ಕೊಂಡು, ತಾನೇ ಉತ್ತರ ಹೇಳ್ಕೊಂಡು.

ಆಮೇಲೆ ನೀರಿಗೆ ಬಂದ ಹೆಂಗಸರು ನೋಡಿ, ಏನಕ್ಕಾ ಇದು ಅಂದರಂತೆ. ನಮ್ಮೂರು ಕಣ್ರವ್ವಾ ಅಂದಳಂತೆ. ಅವರಲ್ಲಿ ಒಬ್ಬಳು ಕೊಡ ಕೆಳಗಿಟ್ಟು, ನಮ್ಮೂರಲ್ಲೂ ಒಂದು ಹುಣಸೆ ಮರ ಇತ್ತು, ಮದುವೆಯಾಗಿ ಬಂದು ಇಪ್ಪತ್ತು ವರ್ಷ ಆಯ್ತು, ಮಾತೆತ್ತಿದ್ರೆ ಅತ್ತೆ ತವರಿನ ಹುಚ್ಚು ಅಂತಾರೆ, ನಂಗೂ ಬರೀತೀಯಾ ಅಂದಳಂತೆ. ಸಣ್ಣೀರಮ್ಮ, ಕೈ ಚಾಚು, ಹುಣಸೆ ಮರ ನಿಮ್ಮನೆಗೆ ಎಡಕ್ಕೋ ಬಲಕ್ಕೋ ಅಂದಳಂತೆ. ಆಮೇಲೆ ಇನ್ನೊಬ್ಬಳು ಬಂದಳು, ಆಮೇಲೆ ಮತ್ತೊಬ್ಬಳು. ತಿಂಗಳು ತುಂಬೋದರೊಳಗೆ ಊರ ಹೆಂಗಸರ ತೋಳಿನ ಮೇಲೆಲ್ಲ ಒಂದೊಂದು ಊರು!

ತಳವಾರ ಮುದ್ದೆ ನುಂಗ್ತಾ ನೋಡ್ತಾನೆ, ಸಾರು ಬಡಿಸೋ ಹೆಂಡತಿ ಕೈಮೇಲೂ ಒಂದು ಕೆರೆ, ಒಂದು ಏರಿ. ಅಯ್ಯಯ್ಯೋ ಅಂತ ಸೀಗೆಪುಡೀಲಿ ಉಜ್ಜಿದ, ಹುಣಸೆಹಣ್ಣಲ್ಲಿ ಉಜ್ಜಿದ, ಇಟ್ಟಿಗೆ ಪುಡೀಲೂ ಉಜ್ಜಿದನಂತೆ, ತಿಕ್ಕಿದಷ್ಟೂ ಮಿರಮಿರ ಅಂತಂತೆ. ಅವಳು, ಚರ್ಮ ಬೇಕಾದ್ರೆ ಸುಲ್ಕೋ, ನಾಳೆಯಿಂದ ಮುದ್ದೆ ಮಾತ್ರ ನೀನೇ ಕಟ್ಕೋ ಅಂದಳಂತೆ. ನಗಬೇಡ, ನಿದ್ದೆ ಹಾರಿಹೋಗುತ್ತೆ.

ತಳವಾರ ಓಡಿಹೋಗಿ ರಾಜನಿಗೆ ಹೇಳಿದನಂತೆ. ರಾಜ ಕೆಂಡಾಮಂಡಲ. ಸಣ್ಣೀರಮ್ಮನ್ನ ಎಳತರಿಸಿ, ಉಂಡ ಮನೆ ಜಂತೆ ಎಣಿಸೋಳೇ, ಈಗಲೇ ನನ್ನ ಸೀಮೆ ಬಿಟ್ಟು ತೊಲಗು ಅಂದನಂತೆ. ಅವಳು, ಹೋಗ್ತೀನಿ ಬುದ್ಧಿ, ಒಂದು ಊರು ಕಳ್ಕೊಂಡೋಳಿಗೆ ಇನ್ನೊಂದು ಕಳ್ಕೊಳ್ಳೋದು ಹೊಸದಾ? ಆದ್ರೆ ಇಷ್ಟು ಹೆಂಗಸರ ತೋಳಿಗೆ ಯಾವ ಸುಣ್ಣ ಬಳೀತೀರಿ ಅಂತ ಕೇಳಿ, ಸೂಜಿ ಸೆರಗಿಗೆ ಕಟ್ಕೊಂಡು ಹೊರಟಳಂತೆ.

ಆಗ ರಾಜನ ತಾಯಿ, ಹಣ್ಣು ಹಣ್ಣು ಮುದುಕಿ, ನಿಲ್ಲೇ ಅಂದಳಂತೆ. ಎದ್ದು ಬಂದು, ಸಭೆ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಜರಿ ಸೀರೆ ಸೆರಗು ಸರಿಸಿ, ಸುಕ್ಕುಗಟ್ಟಿದ ತೋಳು ಚಾಚಿ, ನಮ್ಮೂರು ಬರಿಯೇ, ಇಲ್ಲೇ, ಇವನ ಕಣ್ಣೆದುರಿಗೇ ಬರಿ ಅಂದಳಂತೆ.

ರಾಜ, ಅವ್ವಾ, ನಿನ್ನೂರು ಇದೇ ಅಲ್ವಾ ಅಂದನಂತೆ. ಮುದುಕಿ, ಒಂಬತ್ತು ವರ್ಷಕ್ಕೆ ಇಲ್ಲಿಗೆ ತಂದು ಕೂರಿಸಿದರು ಮಗನೇ, ನಿಮ್ಮಪ್ಪ ಕೇಳಲಿಲ್ಲ, ನೀನೂ ಒಂದು ದಿನ ನಿನ್ನೂರು ಯಾವುದವ್ವಾ ಅಂತ ಕೇಳಲಿಲ್ಲ, ಇವಳನ್ನ ಅಟ್ಟೋದಾದ್ರೆ ನನ್ನನ್ನೂ ಅಟ್ಟು, ನಾನೂ ಹೊರಗಿಂದ ಬಂದೋಳೇ ಅಂದಳಂತೆ.

ಸಣ್ಣೀರಮ್ಮ ಎದುರಿಗೆ ಕೂತು ಸೂಜಿ ಬಿಚ್ಚಿದಳಂತೆ. ಬಾವಿ ಎಲ್ಲಿತ್ತವ್ವಾ ಅಂತ ಕೇಳಿದ್ರೆ ಮುದುಕಿಗೆ ನೆನಪಾಗಲಿಲ್ಲ, ಕಣ್ಣಲ್ಲಿ ನೀರು ತುಂಬ್ಕೊಳ್ತಂತೆ. ಇರಲಿ, ನಿಮ್ಮವ್ವ ಯಾವ ಕಡೆಯಿಂದ ನೀರು ತರೋಳು ಅಂದಳಂತೆ. ಆಗ ಮುದುಕಿ ಕಣ್ಮುಚ್ಚಿ, ಬಲಗಡೆಯಿಂದ, ಹೊಂಗೆ ಮರದ ನೆರಳಲ್ಲಿ ಬರೋಳು ಅಂದಳಂತೆ. ಅಲ್ಲಿಂದ ಬಾಯಿ ಮುಚ್ಚಲೇ ಇಲ್ಲವಂತೆ, ಮಗೂ ಥರ ಹೇಳಿದ್ದೇ ಹೇಳಿದ್ದು. ರಾಜ ಸಿಂಹಾಸನದಿಂದ ಇಳಿದು ಬಂದು, ಅವ್ವನ ಪಕ್ಕ ಕೂತು ಕೇಳಿದನಂತೆ.

ಆಮೇಲೆ ಸಣ್ಣೀರಮ್ಮನ್ನ ಯಾರು ಅಟ್ತಾರೆ? ಅವಳ ಬೀದಿಗೆ ನೇರ್ಲಹಟ್ಟಿ ಬೀದಿ ಅಂತಲೇ ಹೆಸರಾಯ್ತು, ಗುಡಿಸಲ ಮುಂದೆ ಮೂರು ನೇರಳೆ ಗಿಡ ನೆಟ್ಟಳು, ಸುಣ್ಣ ಬಳಿದ ತಳವಾರನ ಕೈಲೇ ನೀರು ಹಾಕಿಸಿದಳಂತೆ. ಅವಳು ಅಲ್ಲಿ ಸುಖವಾಗಿದ್ದಳು, ನಾವು ಇಲ್ಲಿ ಹಿಂಗಿದ್ದೀವಿ, ಕತೆ ಮುಗೀತು, ಕಣ್ಮುಚ್ಚು.

ಮತ್ತೆ ಉಜ್ಜಕ್ಕೆ ಶುರು ಮಾಡಿದ್ಯಾ? ಇದು ನೇರ್ಲಹಟ್ಟಿ ಅಲ್ಲ ಕಣೆ ಪೆದ್ದಿ. ಇಲ್ಲಿ ನೋಡು, ಒಂದೇ ಮರ, ಎರಡು ದಾರಿ. ಇದು ನಾನು ಹುಟ್ಟಿದೂರು. ನಿಮ್ಮಪ್ಪನಿಗೆ ಐವತ್ತು ತುಂಬ್ತು, ಇವತ್ತಿನವರೆಗೂ ಅದರ ಹೆಸರು ಕೇಳಿಲ್ಲ ಅವನು. ನೀನು ಕೇಳು. ಕೇಳಿ ಮಲಗು.