ಏಡಿಗಳ ದಂಡೆಗೆ ಬಂದ ಆಮೆ

ಬಯಲುಸೀಮೆಯ ಕೆರೆಯೊಂದಕ್ಕೆ ಜನ ಮಣ್ಣು ತುಂಬಿ ಮನೆ ಕಟ್ಟಿದಾಗ, ಅಲ್ಲಿದ್ದ ಹೆಣ್ಣಾಮೆ ಘಟ್ಟ ಇಳಿದು ಕರಾವಳಿಯ ಹೊಳೆಯೊಂದನ್ನು ಸೇರಿತು. ಆ ಹೊಳೆಯ ದಂಡೆಯಲ್ಲಿ ಏಡಿಗಳದೇ ಆಳ್ವಿಕೆ.

"ನಮ್ಮಲ್ಲಿ ಎಲ್ಲರೂ ಅಡ್ಡಡ್ಡ ನಡೆಯುತ್ತೇವೆ. ಇಲ್ಲಿ ಇರಬೇಕೆಂದರೆ ನೀನೂ ಕಲಿ," ಎಂದಿತು ಹಿರಿಯ ಏಡಿ.

ಆಮೆ ಪ್ರಯತ್ನಿಸಿತು. ಅಡ್ಡ ಕಾಲಿಡಲು ಹೋಗಿ ಇಳಿಜಾರಿನಲ್ಲಿ ಮಗುಚಿ ಅಂಗಾತ ಬಿತ್ತು. ಏಡಿಗಳು ಸುತ್ತ ನಿಂತು ನಕ್ಕವೇ ಹೊರತು ಒಂದೂ ಎತ್ತಲು ಬರಲಿಲ್ಲ. ಬಹಳ ಹೊತ್ತು ಒದ್ದಾಡಿ ಆಮೆ ತಾನೇ ಎದ್ದಿತು. ಎದ್ದದ್ದೇ ದಂಡೆಯ ಬೆಚ್ಚನೆಯ ಮರಳಿನಲ್ಲಿ ಗುಂಡಿ ತೋಡತೊಡಗಿತು.

"ಏನು ಮಾಡುತ್ತಿದ್ದೀಯ?" ಎಂದು ಹಿರಿಯ ಏಡಿ ಗದರಿತು.

"ಮೊಟ್ಟೆ ಇಡುತ್ತೇನೆ."

"ಇಲ್ಲೇ? ನಿನಗೆ ಬೆನ್ನ ಮೇಲೇ ಮನೆಯಿದೆ. ಎಲ್ಲಿಗಾದರೂ ಹೋಗಬಹುದು. ನಮ್ಮ ದಂಡೆ ನಿನಗೇಕೆ?"

"ಬೆನ್ನ ಮೇಲಿರುವುದು ಸೂರು. ನನಗೆ ಬೇಕಾದದ್ದು ಊರು."

"ಅದಕ್ಕೆ ನಮ್ಮ ಒಪ್ಪಿಗೆ ಬೇಕು."

"ಹೊಳೆ ನನ್ನನ್ನು ಒಳಗೆ ಬಿಟ್ಟುಕೊಂಡಿದೆ. ನನಗೆ ಅಷ್ಟು ಸಾಕು."

ಆಮೆ ಮೊಟ್ಟೆ ಇಟ್ಟು ಮುಗಿಸುತ್ತಿದ್ದಂತೆ ಏಡಿಗಳು ಕಚ್ಚಲು ಬಂದವು. ಆಮೆ ಮೊಟ್ಟೆಗಳ ಮೇಲೆ ಮರಳೆಳೆದು, ತಲೆ ಕಾಲು ಒಳಗೆಳೆದುಕೊಂಡು, ಗುಂಡಿಯ ಮೇಲೆ ಬಂಡೆಯಂತೆ ಕುಳಿತಿತು. ಕಚ್ಚಿ ಕಚ್ಚಿ ಏಡಿಗಳೇ ದಣಿದು ಹಿಂದಿರುಗಿದವು.

ಮಳೆಗಾಲಕ್ಕೆ ಮುಂಚೆ ಮರಿಗಳು ಹೊರಬಂದವು. ಹಿರಿಯ ಏಡಿ ಒಂದು ಮರಿಯನ್ನು ತಡೆದು, "ನಿನ್ನದು ಯಾವ ಊರು?" ಎಂದು ಕೇಳಿತು. ಮರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅದು ಏಡಿಯ ಬೆನ್ನ ಮೇಲೆಯೇ ಹತ್ತಿಳಿದು ನೀರು ಸೇರಿತು. ಅದನ್ನು ಕಂಡ ತಾಯಿ, ಇಲ್ಲಿಗೆ ಬಂದ ಮೇಲೆ ಮೊದಲ ಸಲ, ಕುತ್ತಿಗೆಯನ್ನು ಪೂರ್ತಿ ಹೊರಚಾಚಿ ಬಿಸಿಲಿಗೆ ಮಲಗಿತು.